ಕೊಟ್ಟಿಗೆ ಕಂಬದಿಂದ ಶಿವನಸಮುದ್ರದವರೆಗೆ: ನಮ್ಮ ಮನೆಗೆ ಕರೆಂಟು ಬಂದ ಕಥೆ, ಬಾರದೇ ಉಳಿದ ಅರ್ಥಿಂಗು

ಮೆಕ್ಕೆಜೋಳದ ಸೈನಿಕ ಹುಳದ ಬಗ್ಗೆ ಅರ್ಧ ಬರೆದು ಉಳಿದದ್ದು ಮುಂದಿನ ಸಲ ಅಂದಿದ್ದೆ. ಅದು ಇನ್ನೊಂದು ವಾರ ಕಾಯ್ಲಿ. ಇವತ್ತು ಕರೆಂಟಿನ ವಿಚಾರ. ಸ್ವಲ್ಪ ಉದ್ದ ಆಗ್ತದೆ, ರಾತ್ರಿ ಊಟ ಆದಮೇಲೆ ನಿಧಾನಕ್ಕೆ ಓದಿ.

ಪುಷ್ಯ ಮಳೆ ಹಿಡಿದು ಹೊಡೀತಿದ್ದಾಗ ನಮ್ಮ ಕೊಟ್ಟಿಗೇಲಿ ಎಮ್ಮೆ ಸತ್ತದ್ದು ಊರಲ್ಲಿ ಎಲ್ಲರಿಗೂ ಗೊತ್ತು. ಎರಡನೇ ಕರು ಹಾಕಿ ಮೂರು ತಿಂಗಳಾಗಿತ್ತು. ಹಾವು ಕಚ್ಚಿದೆ ಅಂತ ಕೆಲವರು ಅಂದ್ರು, ಹೊಟ್ಟೆ ಉಬ್ಬರ ಅಂತ ಕೆಲವರು. ಎರಡೂ ಅಲ್ಲ. ಕೊಟ್ಟಿಗೆಯ ಬಲ್ಬಿಗೆ ಹೋಗೋ ವೈರನ್ನ ಕಬ್ಬಿಣದ ಪೈಪಿನ ಕಂಬಕ್ಕೆ ಬೈಂಡಿಂಗ್ ತಂತಿಯಲ್ಲಿ ಬಿಗಿದು ಕಟ್ಟಿದ್ವಿ. ಹತ್ತು ಹನ್ನೆರಡು ವರ್ಷದಲ್ಲಿ ಆ ತಂತಿ ವೈರಿನ ಸಿಪ್ಪೆ ಕೊರೆದು ಒಳಗಿನ ತಾಮ್ರಕ್ಕೆ ತಾಗಿತ್ತು. ಅದೇ ಕಂಬಕ್ಕೆ ಎಮ್ಮೆಯ ಸರಪಳಿ. ಬೆಳಗ್ಗೆ ಐದೂವರೆಗೆ ಸೊಸೆ ಹಾಲಿನ ತಂಬಿಗೆ ಹಿಡ್ಕೊಂಡು ಹೋದ್ಳು, ಎಮ್ಮೆ ಅಡ್ಡ ಬಿದ್ದಿತ್ತು, ಎಬ್ಬಿಸೋಣ ಅಂತ ಸರಪಳಿಗೆ ಕೈ ಹಾಕೋಳು. ಹಿಂದೆ ಬಂದ ನಮ್ಮ ಮನೆಯವಳು "ಮುಟ್ಟಬ್ಯಾಡ, ಮುಟ್ಟಬ್ಯಾಡ" ಅಂತ ಕೂಗಿ ಓಡಿ ಹೋಗಿ ಮೈನ್ ಸ್ವಿಚ್ಚು ಇಳಿಸಿದ್ಳು.

ಅವಳಿಗೆ ಹೇಗೆ ಹೊಳೀತು ಅಂದ್ರೆ, ಅದಕ್ಕೆ ಹದಿನೈದು ದಿನ ಮೊದಲೇ "ಆ ಕಂಬ ಮುಟ್ಟಿದ್ರೆ ಜುಂ ಅಂತದ್ರೀ" ಅಂತ ನನಗೆ ಹೇಳಿದ್ಳು. ನಾನು "ಮಳೆಗಾಲ, ಹಂಗೇ ಇರ್ತದೆ" ಅಂದು ಗದ್ದೆಗೆ ಹೋಗಿದ್ದೆ. ಇದನ್ನ ಬರೆಯೋಕೆ ನಾಚಿಕೆ ಆಗ್ತದೆ, ಆದ್ರೂ ಬರೀತೀನಿ. ಹಂಗೆ ಅಂದವನು ಈ ಸೀಮೇಲಿ ನಾನೊಬ್ಬನೇ ಅಲ್ಲ.

ಆಮೇಲೆ ಇಡೀ ಮನೆ ವೈರಿಂಗ್ ಕಿತ್ತು ಹೊಸದು ಮಾಡ್ಸಿದೆ. ಕೆಲಸ ಮಾಡಿದ್ದು ಐಟಿಐ ಓದಿರೋ ತಮ್ಮನ ಮಗ. ಅವನು ಗೋಡೆ ಬಿಚ್ಚಿದಾಗ ಪದರು ಪದರಾಗಿ ಹಳೇ ಕಾಲ ಹೊರಗೆ ಬಂತು. ಮೇಲೆ ಪ್ಲಾಸ್ಟಿಕ್ ಪಟ್ಟಿ, ಅದರ ಹಿಂದೆ ಸಾಗುವಾನಿ ಮರದ ಪಟ್ಟಿಗೆ ಕ್ಲಿಪ್ಪು ಹೊಡೆದ ಹಳೇ ವೈರು, ಅದಕ್ಕೂ ಒಳಗೆ ಅಜ್ಜಿ ಕಾಲದ ದೀಪದ ಗೂಡು, ಮಸಿ ಹಿಡಿದದ್ದು ಹಂಗೇ ಇದೆ. "ದೊಡ್ಡಪ್ಪ, ಇಷ್ಟೊಂದು ವೈರು ಎಳೆದಾರಲ್ಲ, ಹಸಿರು ವೈರು ಒಂದೂ ಇಲ್ವಲ್ಲ" ಅಂದ. ಹಸಿರು ವೈರು ಅಂದ್ರೆ ಅರ್ಥಿಂಗ್. ನಲವತ್ತೈದು ವರ್ಷದಿಂದ ಕರೆಂಟಿರೋ ಮನೆ ಇದು. ಅವನ ಆ ಮಾತಿಗೆ ಉತ್ತರ ಹುಡುಕ್ತಾ ಹೋಗಿದ್ದೇ ಈ ಬರಹ.

ನಮ್ಮ ರಾಜ್ಯದಲ್ಲಿ ಕರೆಂಟಿನ ಕಥೆ ಶುರುವಾಗೋದು ಮನೆಯಿಂದ ಅಲ್ಲ, ಗಣಿಯಿಂದ. 1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ನಡುವೆ 92 ಮೈಲಿ. ಅಷ್ಟು ದೂರ ತಂತಿಯಲ್ಲಿ ಕರೆಂಟು ಸಾಗಿಸೋದು ಆಗ ಪ್ರಪಂಚದಲ್ಲೇ ದೊಡ್ಡ ಸಾಹಸ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಆದದ್ದು, ಅವರು ದೀಪ ಹತ್ತೋದನ್ನ ನೋಡೋಕೆ ಇರಲಿಲ್ಲ, 1901ರಲ್ಲೇ ತೀರಿಕೊಂಡ್ರು. ಗಣಿ ಇಂಗ್ಲಿಷರ ಕಂಪನಿಗಳದ್ದು, ಅವರಿಗೆ ಉರುವಲು, ಕಲ್ಲಿದ್ದಲು ದುಬಾರಿ ಆಗಿತ್ತು, ಅದಕ್ಕೆ ನೀರಿನ ಕರೆಂಟು. ಉಳಿದದ್ದು ಬೆಂಗಳೂರಿಗೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಹತ್ತಿತು. ಮೈಸೂರಿಗೆ 1908ರಲ್ಲಿ.

ನಮ್ಮ ಕಡೆ? ನಮ್ಮ ಅಜ್ಜಿ ಮನೆ ತುಂಬಾ ಬುಡ್ಡಿ ದೀಪ. ಹರಳೆಣ್ಣೆ ಮೊದಲು, ಆಮೇಲೆ ಸೀಮೆಎಣ್ಣೆ ಚಿಮಣಿ. ಲಾಟೀನು ಇದ್ದವನು ಅನುಕೂಲಸ್ಥ. ಮದುವೆಗೆ, ದೊಡ್ಡಾಟಕ್ಕೆ ಗ್ಯಾಸ್‌ಲೈಟು ಬಾಡಿಗೆಗೆ ತರೋರು, ಅದಕ್ಕೆ ಗಾಳಿ ಹೊಡೆಯೋಕೆ ಅಂತಲೇ ಒಬ್ಬ ಇರ್ತಿದ್ದ. ಅದರ ಬಟ್ಟೆ ಬತ್ತಿ ಮುಟ್ಟಿದ್ರೆ ಪುಡಿ ಆಗ್ತದೆ ಅಂತ ನಾವು ಹುಡುಗರನ್ನ ಹತ್ತಿರ ಬಿಡ್ತಿರಲಿಲ್ಲ. ಹುಲ್ಲಿನ ಮನೆಗಳಿದ್ದ ಕಾಲ. ಚಿಮಣಿ ಉರುಳಿ ಮನೆ ಸುಟ್ಟ ಕಥೆ ಯಾವ ಊರಲ್ಲಿ ಕೇಳಿದ್ರೂ ಸಿಗ್ತದೆ. ದೀಪ ಅಂದ್ರೆ ಅಪಾಯ ಅನ್ನೋದು ಆಗಿನ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ಮಲಗೋ ಮುಂಚೆ ಅಜ್ಜಿ ಎಲ್ಲಾ ಚಿಮಣಿ ಊದಿ ಆರಿಸಿ, ಮತ್ತೊಂದು ಸಲ ಸುತ್ತು ಬಂದು ನೋಡೋಳು. ಅವಳು ಅಷ್ಟು ಜಾಗ್ರತೆಯಿಂದ ಇದ್ದದ್ದು ಬೆಂಕಿ ಕಣ್ಣಿಗೆ ಕಾಣ್ತಿತ್ತು ಅಂತ. ಕರೆಂಟು ಕಾಣಲ್ಲ.

ನಮ್ಮೂರಿನ ವಿಚಾರಕ್ಕೆ ಬಂದಾಗ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಆಗಲ್ಲ. 1942ರಲ್ಲಿ ಈಸೂರಿನವರು ವೀರಭದ್ರ ದೇವರ ಗುಡಿ ಮೇಲೆ ಬಾವುಟ ಏರಿಸಿ ನಮ್ಮೂರು ಸ್ವತಂತ್ರ ಅಂದದ್ದು, ಆಮೇಲೆ ಆದದ್ದು, ಎಲ್ಲಾ ನಿಮಗೆ ಗೊತ್ತು. 1943ರ ಮಾರ್ಚಿನಲ್ಲಿ ನಮ್ಮ ಐದು ಜನರನ್ನ ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೆ ಹಾಕಿದ್ರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಅವರನ್ನ ಒಯ್ದ ಆ ಊರಿನ ಬೀದೀಲಿ ಕರೆಂಟು ದೀಪ ಹತ್ತಿ ಆಗಲೇ 37 ವರ್ಷ ಆಗಿತ್ತು ಅಂತ ಈಗ ಲೆಕ್ಕ ಹಾಕಿದಾಗ ತಲೆಗೆ ಬಂತು. ಅಲ್ಲಿ ಬೀದಿಗೂ ಬೆಳಕು, ಇಲ್ಲಿ ಮನೆ ಒಳಗೂ ಚಿಮಣಿ.

ಜೋಗ ನಮ್ಮ ಜಿಲ್ಲೆಯದ್ದೇ. ಅಲ್ಲಿನ ಕೆಲಸ 1939ರಲ್ಲಿ ಶುರುವಾದ್ರೂ ಮಧ್ಯ ಯುದ್ಧ ಬಂತು. ಕರೆಂಟು ಹುಟ್ಟಿದ್ದು 1948ರ ಫೆಬ್ರವರಿ 21ಕ್ಕೆ. ಮಹಾರಾಜರ ಹೆಸರಿದ್ದದ್ದು ಆಮೇಲೆ ಮಹಾತ್ಮ ಗಾಂಧಿ ವಿದ್ಯುದಾಗಾರ ಆಯ್ತು, 120 ಮೆಗಾವಾಟ್. ಅದಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಶರಾವತಿಯ ದೊಡ್ಡ ವಿದ್ಯುದಾಗಾರ. ಇಡೀ ರಾಜ್ಯ ಎಷ್ಟೋ ವರ್ಷ ಶರಾವತಿ ಕರೆಂಟಿನ ಮೇಲೇ ನಿಂತಿತ್ತು. ಆದ್ರೆ ಹೊಲ ಮನೆ ಮುಳುಗಿಸಿಕೊಂಡು ಎದ್ದು ಬಂದ ಜನ, ಹಿನ್ನೀರಿನ ಆಚೆ ಉಳಿದ ಜನ, ಎಷ್ಟೋ ವರ್ಷ ಚಿಮಣಿಯಲ್ಲೇ ಕಳೆದ್ರು. ದೊಡ್ಡ ಲೈನಿನ ಗೋಪುರ ಅವರ ತಲೆ ಮೇಲೇ ಹೋಗ್ತಿತ್ತು. ಮುಳುಗಡೆಯವರ ನೆಂಟಸ್ತಿಕೆ ಇರೋರು ಇದನ್ನ ಓದ್ತಿದ್ರೆ ಅವರಿಗೆ ನಾನು ಹೇಳಬೇಕಾಗಿಲ್ಲ.

1957ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಆಯ್ತು, ಅದೇ ಮುಂದೆ ಕೆಇಬಿ. 1999ರಲ್ಲಿ ಕೆಪಿಟಿಸಿಎಲ್ ಆಯ್ತು, 2002ರಿಂದ ನಮ್ಮದು ಮೆಸ್ಕಾಂ. ಆದ್ರೂ ಲೈನ್‌ಮನ್ ಬಂದ್ರೆ ನಮ್ಮ ಅವ್ವ ಇವತ್ತಿಗೂ "ಕೆಇಬಿಯೋನು ಬಂದಾನೆ ನೋಡು" ಅಂತಾಳೆ.

ನಮ್ಮ ಮನೆಗೆ ಕರೆಂಟು ಬಂದಾಗ ನಾನು ನಾಲ್ಕನೇ ಕ್ಲಾಸು. ಆಗ ಮೀಟರ್ ಹಾಕ್ಸಿ ನಾಲ್ಕು ಪಾಯಿಂಟ್ ಕೊಡಿಸೋದು ಅಂದ್ರೆ ಒಂದು ಎತ್ತು ಮಾರಿದ ಹಂಗೆ. ಅಪ್ಪ ಎರಡೇ ಪಾಯಿಂಟ್ ಹಾಕ್ಸಿದ್ರು. ನಡುಮನೆಗೂ ಅಡುಗೆ ಮನೆಗೂ ಮಧ್ಯದ ಗೋಡೇಲಿ ಒಂದು ಕಿಂಡಿ ಹೊಡೆದು ಅದರಲ್ಲಿ ಬಲ್ಬು. ಒಂದೇ ಬಲ್ಬು, ಎರಡು ಕಡೆ ಬೆಳಕು. ನಿಮ್ಮಲ್ಲಿ ಎಷ್ಟು ಜನರ ಮನೇಲಿ ಈ ಕಿಂಡಿ ಇತ್ತು ಹೇಳಿ? ಅವ್ವ ಮೊದಲ ದಿನ ಬಲ್ಬಿಗೆ ಕೈ ಮುಗಿದ್ಳು, ಆಮೇಲೆ ಚಿಮಣಿಯನ್ನೂ ಹಚ್ಚಿಟ್ಳು. ಯಾಕೆ ಅಂದ್ರೆ "ಇದು ಯಾವಾಗ ಹೋಗ್ತದೋ" ಅಂದ್ಳು. ಏಳು ಗಂಟೆಗೆ ಹೋಯ್ತು.

ಸುಮಾರು ಅದೇ ಕಾಲಕ್ಕೆ, 1979-80ರಲ್ಲಿ, ಸರ್ಕಾರದಿಂದ ಭಾಗ್ಯಜ್ಯೋತಿ ಬಂತು. ಬಡವರ ಮನೆಗೆ ಒಂದು ಬಲ್ಬು, 40 ವಾಟ್. ನಮ್ಮ ಕೇರಿಗಳ ಮಕ್ಕಳು ಆ ಬಲ್ಬಿನ ಕೆಳಗೆ ಓದಿ ನೌಕರಿ ಹಿಡಿದಿದ್ದಾರೆ, ಆ ಯೋಜನೆಯನ್ನ ನಾನು ಹಗುರವಾಗಿ ಮಾತಾಡಲ್ಲ. ಆದ್ರೆ ಹಸಿರು ವೈರು ಇಲ್ಲದ್ದಕ್ಕೆ ಉತ್ತರ ಸಿಗೋದು ಇಲ್ಲೇ ಅಂತ ನನಗನ್ನಿಸ್ತದೆ. ಒಂದೇ ಬಲ್ಬು ಇರೋ ಮನೆಗೆ ಎರಡು ವೈರು ಸಾಕು, ಒಂದು ಫೇಸು, ಒಂದು ನ್ಯೂಟ್ರಲ್. ಬಲ್ಬಿಗೆ ಕಬ್ಬಿಣದ ಮೈ ಇಲ್ಲ, ಹೋಲ್ಡರು ಬೇಕಲೈಟು, ಎತ್ತರದಲ್ಲಿ ತೂಗಾಡ್ತದೆ, ಯಾರೂ ಮುಟ್ಟಲ್ಲ. 1956ರ ವಿದ್ಯುತ್ ನಿಯಮಗಳಲ್ಲೇ ಲೋಹದ ಮೈ ಇರೋ ಉಪಕರಣಕ್ಕೆ ಅರ್ಥಿಂಗ್ ಇರಬೇಕು ಅಂತ ಬರೆದಿತ್ತು. ನಮ್ಮ ಮನೇಲಿ ಉಪಕರಣವೇ ಇರಲಿಲ್ಲವಲ್ಲ! ಹಂಗಾಗಿ ಮನೆಗೆ ಎರಡೇ ವೈರು ಅನ್ನೋದು ಊರಿನ ಲೆಕ್ಕದಲ್ಲಿ ಕೂತುಬಿಡ್ತು.

ಆಮೇಲೆ ಒಂದೊಂದೇ ಬಂತು. ರೇಡಿಯೋ ಹೋಗಿ ಟಿವಿ, ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ಬಕೆಟ್ಟಿಗೆ ಹಾಕೋ ಹೀಟರ್ ಕಾಯಿಲ್, ಫ್ರಿಜ್ಜು, ವಾಷಿಂಗ್ ಮಷೀನು, ಮೇವು ಕತ್ತರಿಸೋ ಮಷೀನು. ಎಲ್ಲಾ ಅದೇ ಎರಡು ವೈರಿನ ಮೇಲೆ. ಮೂರು ಪಿನ್ನಿನ ಪ್ಲಗ್ಗು ಬಂದಾಗ ಸಾಕೆಟ್ಟೂ ಮೂರು ತೂತಿನದು ತಂದ್ವಿ, ಮೇಲಿನ ತೂತಿಗೆ ವೈರೇ ಇಲ್ಲ. ಮೇಲಿನ ಪಿನ್ನು ಯಾಕೆ ದಪ್ಪ, ಯಾಕೆ ಉದ್ದ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ರಾ? ಪ್ಲಗ್ ಹಾಕುವಾಗ ಫೇಸ್ ತಾಗೋಕೆ ಮುಂಚೆ ಅರ್ಥ್ ತಾಗ್ಲಿ, ತೆಗೆಯುವಾಗ ಕೊನೆಗೆ ಬಿಡ್ಲಿ ಅಂತ. ನಮ್ಮ ಮನೇಲಿ ಎರಡು ಪಿನ್ನಿನ ಸಾಕೆಟ್ಟಿಗೆ ಹೋಗಲ್ಲ ಅಂತ ನಾನೇ ಆ ಉದ್ದ ಪಿನ್ನನ್ನ ಮುರಿದು ಹಾಕಿದ್ದೆ.

ಕರೆಂಟು ಬಂದ ರೀತಿಯೂ ನಮಗೆ ಕೆಟ್ಟ ಪಾಠ ಕಲಿಸಿತು. ಪಂಪ್‌ಸೆಟ್ಟು ಮನೆ ಎರಡೂ ಒಂದೇ ಲೈನಿನಲ್ಲಿದ್ದ ಕಾಲ ನೆನಪಿದೆಯಲ್ಲ. ತ್ರೀ ಫೇಸ್ ಇಷ್ಟು ಗಂಟೆ, ಉಳಿದಂತೆ ಸಿಂಗಲ್ ಫೇಸ್. ಮೋಟಾರು ಓಡಿಸಬಾರದು ಅಂತ ಅವರು ಫೇಸ್ ತೆಗೆದ್ರೆ ನಾವು ಕಂಡೆನ್ಸರ್ ಹಾಕಿ ಓಡಿಸ್ತಿದ್ವಿ. ಊರಿನ ಬಲ್ಬೆಲ್ಲ ಕೆಂಡದ ಹಂಗೆ ಕೆಂಪಗೆ. ಫ್ಯೂಸು ಹೋದ್ರೆ ಟಿಸಿ ಹತ್ತಿರ ನಾವೇ ಹೋಗಿ ಹಾಕೋದು. ಟಿಸಿಯಲ್ಲಿ ನ್ಯೂಟ್ರಲ್ ಕಡಿದ್ರೆ ಕೆಲವು ಮನೆಗೆ 230 ಬದಲು 400 ವೋಲ್ಟಿನ ಹತ್ತಿರ ನುಗ್ತದೆ, ಅವತ್ತು ಬೀದಿಯ ಟಿವಿಗಳೆಲ್ಲ ಒಟ್ಟಿಗೆ ಹೋಗ್ತವೆ. ನಿರಂತರ ಜ್ಯೋತಿ ಬಂದು ಮನೆ ಲೈನು, ಪಂಪಿನ ಲೈನು ಬೇರೆ ಆದಮೇಲೆ ಈ ಕಾಟ ಬಹಳ ಕಡಿಮೆ ಆಗಿದೆ, ಅದನ್ನ ಒಪ್ಪಬೇಕು. ಅಭ್ಯಾಸ ಮಾತ್ರ ಹೋಗಿಲ್ಲ. ಫ್ಯೂಸಿಗೆ ಒಂದು ಎಳೆ ಹಾಕೋ ಕಡೆ ಮೂರು ಎಳೆ, ಅದೂ ಇಲ್ಲದಿದ್ರೆ ಬೇಲಿ ತಂತಿ ತುಂಡು. "ಪದೇ ಪದೇ ಹೋಗ್ತದೆ ಮಾರಾಯ" ಅಂತ. ಹೋಗೋದೇ ಅದರ ಕೆಲಸ ಅಲ್ವಾ?

ಈಗ ನನಗೆ ನಿದ್ದೆ ಕೆಡಿಸಿದ ಪ್ರಶ್ನೆ. ಎಮ್ಮೆ ಸತ್ತು ಬಿದ್ದಿದ್ರೂ ಫ್ಯೂಸು ಯಾಕೆ ಹೋಗಲಿಲ್ಲ? ನಮ್ಮ ಮೈನಿನಲ್ಲಿದ್ದದ್ದು ಬೇಲಿ ತಂತಿ ಅಲ್ಲ, ಸರಿಯಾದ 15 ಆಂಪಿಯರಿನ ಫ್ಯೂಸೇ. ತಮ್ಮನ ಮಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದು ತೋರಿಸಿದ. ಕಂಬ ಮಣ್ಣಲ್ಲಿ ಎರಡಡಿ ಹೂತಿದೆ. ಆ ಮಣ್ಣು ಕರೆಂಟನ್ನ ತಡೆಯೋ ಶಕ್ತಿ 50 ಓಮ್ ಅಂತ ಇಟ್ಕೊಳ್ಳಿ. 230 ವೋಲ್ಟನ್ನ 50ರಿಂದ ಭಾಗಿಸಿದ್ರೆ 4.6 ಆಂಪಿಯರ್. 15 ಆಂಪಿಯರಿನ ಫ್ಯೂಸಿಗೆ 4.6 ಅಂದ್ರೆ ಒಂದು ಹೀಟರ್ ಹಾಕಿದ ಹಂಗೆ, ಆರಾಮಾಗಿ ತಡ್ಕೊಳ್ತದೆ. ಎಂಸಿಬಿ ಇದ್ದಿದ್ರೂ ಅಷ್ಟೇ. ಮನುಷ್ಯನ ಎದೆ ಮೇಲೆ ಹಾಯ್ದರೆ ಒಂದು ಆಂಪಿಯರಿನ ಹತ್ತರಲ್ಲೊಂದು ಭಾಗವೂ ಬೇಡ ಜೀವ ಹೋಗೋಕೆ. ದನಕ್ಕೆ ಇನ್ನೂ ಕಷ್ಟ. ಮುಂಗಾಲು ಹಿಂಗಾಲಿನ ನಡುವೆ ಅಂತರ ಜಾಸ್ತಿ, ಬರಿಗಾಲು, ಗಂಜಲದ ಹಸಿ ನೆಲ.

ಅಂದ್ರೆ ಫ್ಯೂಸು, ಎಂಸಿಬಿ ಇರೋದು ವೈರು ಸುಡದಂಗೆ ಕಾಯೋಕೆ. ನಮ್ಮನ್ನ ಕಾಯೋಕೆ ಅಲ್ಲ. ನಾನು ಐವತ್ತು ದಾಟಿದ ಮೇಲೆ ಇದನ್ನ ತಿಳ್ಕೊಂಡೆ. ನಮ್ಮನ್ನ ಕಾಯೋದು ಬೇರೆ ಒಂದಿದೆ, ಆರ್‌ಸಿಸಿಬಿ ಅಂತಾರೆ, ನೋಡೋಕೆ ಎಂಸಿಬಿಯ ದಪ್ಪ ಅಣ್ಣನ ಹಂಗಿರ್ತದೆ, ಮೇಲೊಂದು ಸಣ್ಣ ಟೆಸ್ಟ್ ಗುಂಡಿ. ಅದು ಮಾಡೋದು ಇಷ್ಟೇ, ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಲೆಕ್ಕ ನೋಡ್ತಾ ಇರ್ತದೆ. ಹಾಲಿನ ಡೈರಿಯಲ್ಲಿ ಹಾಕಿದ್ದೆಷ್ಟು ಬಂದದ್ದೆಷ್ಟು ನೋಡಿದ ಹಂಗೆ. 30 ಮಿಲಿ ಆಂಪಿಯರ್, ಅಂದ್ರೆ 0.03 ಆಂಪಿಯರ್, ಎಲ್ಲಿಯಾದ್ರೂ ಸೋರಿ ನೆಲಕ್ಕೆ ಹೋದ್ರೆ ಕಣ್ಣು ಮಿಟುಕಿಸೋದರೊಳಗೆ ಲೈನು ಬಿಡಿಸ್ತದೆ. ನಮ್ಮ ಕಂಬದಲ್ಲಿ ಸೋರಿದ್ದು ಅದರ ನೂರೈವತ್ತು ಪಟ್ಟು. ಜುಂ ಅಂದ ಮೊದಲ ದಿನವೇ ಬಿಡಿಸಿರೋದು.

ಮನೆಗೆ ಎರಡು ಪೋಲಿನ 30 ಮಿಲಿ ಆಂಪಿಯರಿನದ್ದು ಒಂದು ತಂದ್ವಿ, ನನಗೆ ಎರಡು ಸಾವಿರದ ಚಿಲ್ಲರೆ ಬಿತ್ತು. ಅಂಗಡೀಲಿ 100, 300 ಮಿಲಿ ಆಂಪಿಯರಿನದ್ದೂ ಕೊಡ್ತಾರೆ, ಅದು ಜೀವ ಕಾಯೋಕೆ ಅಲ್ಲ, ನೋಡಿ ತಗೊಳ್ಳಿ. ಹಾಕಿದ ಮೊದಲ ವಾರ ಅದು ಪದೇ ಪದೇ ಬಿದ್ದು ನಮಗೆ ತಲೆ ಕೆಡ್ತು. ಹುಡುಕಿದ್ರೆ ಬಚ್ಚಲಿನ ಬಲ್ಬಿನ ನ್ಯೂಟ್ರಲ್ಲು ಇನ್ವರ್ಟರಿನ ಲೈನಿಗೆ ಸೇರಿಕೊಂಡಿತ್ತು. ಬೇರೆ ಮಾಡಿದ ಮೇಲೆ ಸರಿ. ಕೆಲವರು ಬೀಳ್ತದೆ ಅಂತ ಅದನ್ನೇ ತೆಗೆಸಿಬಿಡ್ತಾರೆ, ಹಂಗೆ ಮಾಡಬೇಡಿ, ಎಲ್ಲೋ ಸೋರ್ತಿದೆ ಇಲ್ಲಾ ನ್ಯೂಟ್ರಲ್ ಕಲಬೆರಕೆ ಆಗಿದೆ ಅಂತ ಅರ್ಥ. ತಿಂಗಳಿಗೊಂದು ಸಲ ಟೆಸ್ಟ್ ಗುಂಡಿ ಒತ್ತಬೇಕು, ನಾವು ಅಮಾವಾಸ್ಯೆ ದಿನ ಒತ್ತೋದು ಅಂತ ಮಾಡ್ಕೊಂಡಿದ್ದೀವಿ, ಮರೆಯಲ್ಲ.

ಆರ್‌ಸಿಸಿಬಿ ಇದೆ ಅಂತ ಅರ್ಥಿಂಗ್ ಬಿಡೋ ಹಂಗಿಲ್ಲ. ಗೋಡೆಯಿಂದ ಐದಡಿ ದೂರಕ್ಕೆ ಗುಂಡಿ ತೆಗೆದು ಎಂಟಡಿ ಉದ್ದದ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರು ಹಾಕಿದ್ವಿ. ಬಚ್ಚಲಿನ ನೀರು ಹೋಗೋ ಕಡೆ ಗುಂಡಿ ಮಾಡಿದ್ರಿಂದ ನೆಲ ಬೇಸಿಗೇಲೂ ಹಸಿ ಇರ್ತದೆ. ಅಲ್ಲಿಂದ ಹಸಿರು ವೈರು ಎಲ್ಲಾ ಸಾಕೆಟ್ಟಿಗೆ. ಕೆಲವು ಕಡೆ ಅರ್ಥ್ ವೈರನ್ನ ನಲ್ಲಿ ಪೈಪಿಗೆ ಸುತ್ತಿ ಬಿಡ್ತಾರೆ. ಈಗ ಮಧ್ಯ ಎಲ್ಲಾ ಪ್ಲಾಸ್ಟಿಕ್ ಪೈಪು, ಅದು ನೆಲಕ್ಕೆ ತಾಗೋದೇ ಇಲ್ಲ, ನಲ್ಲಿ ಮುಟ್ಟಿದವನಿಗೆ ಹೊಡೀತದೆ.

ಹಳೇ ವೈರಿಂಗಿನಲ್ಲಿ ಇನ್ನೊಂದು ಸಿಕ್ತು. ಅಡುಗೆ ಮನೆಯ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲಿಗೆ ಹಾಕಿತ್ತು. ಸ್ವಿಚ್ಚು ಆರಿಸಿದ್ರೂ ಹೋಲ್ಡರಿನಲ್ಲಿ ಕರೆಂಟು ಹಂಗೇ. ಸ್ವಿಚ್ಚು ಆರಿಸಿ ಬಲ್ಬು ಬದಲಾಯಿಸ್ತೀವಿ, ಸೇಫು ಅಂದ್ಕೊಂಡಿರ್ತೀವಿ. ಮೂವತ್ತು ರೂಪಾಯಿ ಟೆಸ್ಟರ್ ಹಚ್ಚಿದ್ರೆ ಗೊತ್ತಾಗ್ತದೆ. ನಿಮ್ಮದು ಮರದ ಪಟ್ಟಿಯ ವೈರಿಂಗ್ ಆಗಿದ್ರೆ ಇವತ್ತೇ ನೋಡಿ, ಎಲ್‌ಇಡಿ ಬಲ್ಬು ಆರಿಸಿದ ಮೇಲೂ ಮಿಣುಕು ಮಿಣುಕು ಅಂತಿದ್ರೆ ಅದೂ ಒಂದು ಗುರುತು.

ಬಲ್ಬಿನ ಮಾತು ಬಂತಲ್ಲ. 2015ರ ಕೊನೆಗೆ ಹೊಸ ಬೆಳಕು ಅಂತ 9 ವಾಟಿನ ಎಲ್‌ಇಡಿ ನೂರು ರೂಪಾಯಿಗೆ ಕೊಟ್ರು. 60 ವಾಟಿನ ಬಲ್ಬಿಗಿಂತ ಬೆಳಕು ಹೆಚ್ಚು. ದಿನಕ್ಕೆ ಐದು ಗಂಟೆ ಉರಿಸಿದ್ರೆ ತಿಂಗಳಿಗೆ ಅದು 9 ಯೂನಿಟ್ ತಿನ್ನೋ ಕಡೆ ಇದು ಒಂದೂ ಕಾಲಕ್ಕಿಂತ ಚೂರು ಜಾಸ್ತಿ. ಹಂಗಾಗಿ ನಾನು ಈ ಸಲ ಬೆಳಕಿಗೆ ಜಿಪುಣತನ ಮಾಡಲಿಲ್ಲ. ಅಪ್ಪನ ಕಾಲದಲ್ಲಿ ನಡುಮನೆಗೆ ಬೆಳಕು, ಓಡಾಡೋ ಜಾಗಕ್ಕೆ ಕತ್ತಲು. ಈಗ ಬಚ್ಚಲಿನ ಮೆಟ್ಟಿಲು, ಕೊಟ್ಟಿಗೆ ಬಾಗಿಲು, ಕಟ್ಟಿಗೆ ರಾಶಿ, ಹಿತ್ತಿಲ ಬಾವಿ ಕಡೆ ಒಂದೊಂದು. ಕಟ್ಟುಹಾವು ಓಡಾಡೋದು ರಾತ್ರಿ, ಅವ್ವ ಬಿದ್ದು ಸೊಂಟ ಮುರ್ಕೊಂಡದ್ದೂ ರಾತ್ರಿ. ಕೊಟ್ಟಿಗೆಯ ವೈರು ಈಗ ಪಿವಿಸಿ ಪೈಪಿನೊಳಗೆ, ಸೂರಿನ ಮರಕ್ಕೆ, ಕಬ್ಬಿಣ ಮುಟ್ಟದಂಗೆ. ಸ್ವಿಚ್ಚು ಹೊರಗೆ ಒಣಗಿದ ಗೋಡೇಲಿ.

2023ರಿಂದ ಗೃಹಜ್ಯೋತಿ ಬಂದು ನಮ್ಮಂಥವರ ಬಿಲ್ಲು ಸೊನ್ನೆ ಆಗಿದೆ. ಒಳ್ಳೇದೇ. ಆದ್ರೆ ಇದರಲ್ಲೂ ಒಂದಿದೆ. ಎಮ್ಮೆ ಸತ್ತ ಮೇಲೆ ಹಳೇ ಬಿಲ್ಲು ತೆಗೆದು ನೋಡಿದೆ, ಆ ತಿಂಗಳು ಯೂನಿಟ್ಟು ಹಿಂದಿನ ತಿಂಗಳಿಗಿಂತ ಬಹಳ ಜಾಸ್ತಿ ಓಡಿತ್ತು. ಕಂಬದಿಂದ ನೆಲಕ್ಕೆ ಸೋರಿದ್ದೂ ಮೀಟರಿನಲ್ಲಿ ಲೆಕ್ಕ ಆಗಿತ್ತು. ದುಡ್ಡು ಕಟ್ಟೋ ಕಾಲದಲ್ಲಿ ಅಪ್ಪ ಹತ್ತು ಯೂನಿಟ್ ಜಾಸ್ತಿ ಬಂದ್ರೆ ಮನೆ ಎಲ್ಲಾ ತಡಕಾಡ್ತಿದ್ರು. ನಾನು ಸೊನ್ನೆ ನೋಡಿ ಬಿಲ್ಲನ್ನ ಸೂರಿಗೆ ಸಿಕ್ಕಿಸಿದೆ. ದುಡ್ಡು ಸೊನ್ನೆ ಇದ್ರೂ ಯೂನಿಟ್ ಎಷ್ಟು ಅಂತ ಓದಿ.

ಎಮ್ಮೆಗೆ ಪರಿಹಾರ ಸಿಗಲ್ವಾ ಅಂತ ಬಹಳ ಜನ ಕೇಳಿದ್ರಿ. ಕಂಬದ ಲೈನು ಹರಿದು ಬಿದ್ದು ಸತ್ತರೆ ಬೇರೆ ಮಾತು. ಮೀಟರಿನಿಂದ ಒಳಗಿನ ವೈರಿಂಗ್ ಮನೆಯವನದ್ದೇ ಜವಾಬ್ದಾರಿ. ಅದಕ್ಕೆ ನಾನು ಅರ್ಜಿ ಕೊಡೋಕೂ ಹೋಗಲಿಲ್ಲ.

ಕೆಲಸ ಇನ್ನೂ ಮುಗಿದಿಲ್ಲ. ಪಂಪ್‌ಹೌಸಿನ ಸ್ಟಾರ್ಟರಿಗೆ ಅರ್ಥಿಂಗ್ ಬಾಕಿ ಇದೆ, ಬಟ್ಟೆ ಒಣಗಿಸೋ ಜಿಐ ತಂತಿ ಒಂದು ತುದಿ ಸರ್ವಿಸ್ ವೈರಿನ ಕೊಕ್ಕೆಗೇ ಕಟ್ಟಿತ್ತು, ಅದನ್ನ ಬಿಚ್ಚಿ ನೈಲಾನ್ ಹಗ್ಗ ಹಾಕಿದ್ದೀನಿ. ಬರೋ ಭಾನುವಾರ ಹುಡುಗ ಪಕ್ಕದ ಮನೆಯ ಗುಂಡಿ ತೆಗೆಯೋಕೆ ಬರ್ತಾನೆ. ನೋಡಬೇಕು ಅನ್ನೋರು ಬೆಳಗ್ಗೆ ಹತ್ತರೊಳಗೆ ಬನ್ನಿ, ಇದ್ದಿಲು ಕಡಿಮೆ ಬೀಳ್ತದೆ, ಯಾರ ಮನೇಲಾದ್ರೂ ಅರ್ಧ ಚೀಲ ಇದ್ರೆ ತಗೊಂಡು ಬನ್ನಿ.